ಒಂದೇ ಹಡಗಿನ ಒಡತಿ

ಮಗಳು ಕಾಲೇಜಿಗೆ ಸೇರಿದ ವರ್ಷ ಅವಳಿಗೊಂದು ಮೊಬೈಲು ಕೊಡಿಸಲು ಪೇಟೆಗೆ ಹೋಗಿದ್ದೆವು. ಬೆಲೆ 16,000 ರೂಪಾಯಿ. ಹಣ ಕೊಟ್ಟು, ಇನ್ನೇನು ಡಬ್ಬಿ ಕೈಗೆ ಬರಬೇಕು ಅನ್ನುವಷ್ಟರಲ್ಲಿ ಅಂಗಡಿಯ ಹುಡುಗ ಬಹಳ ವಿನಯದಿಂದ, "ಇನ್ಶೂರೆನ್ಸ್ ಮಾಡಿಸಿಬಿಡಿ ಆಂಟಿ. ವರ್ಷಕ್ಕೆ ಬರೀ 1,200. ಬಿದ್ದರೆ, ಒಡೆದರೆ, ನೀರಿಗೆ ಹೋದರೆ ಚಿಂತೆಯಿಲ್ಲ" ಎಂದ. ಮಗಳು ನನ್ನ ಮುಖ ನೋಡಿದಳು. ನಾನು ಫೋನಿನ ಮುಖ ನೋಡಿದೆ. ಅಂಗೈಯಗಲದ ಗಾಜು, ಮುಟ್ಟಿದರೆ ಒಡೆದೀತು ಅನ್ನುವ ಹಾಗಿತ್ತು. "ನಾಳೆ ಬಂದು ಹೇಳುತ್ತೇನಪ್ಪ" ಎಂದು ತಪ್ಪಿಸಿಕೊಂಡು ಬಂದೆ. ಹತ್ತು ರೂಪಾಯಿಯ ಸೊಪ್ಪಿಗೆ ಚೌಕಾಸಿ ಮಾಡುವ ನಾನು, ಅಲ್ಲಿ ಬೇಡವೆಂದು ಖಡಾಖಂಡಿತವಾಗಿ ಹೇಳಲಾರದೆ ಹೋದೆ.

ಅದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ವಿಮೆ ಎಂಬ ಮಾತಿಗೆ ದೇವರ ಕೋಣೆಯ ಮರ್ಯಾದೆ. ನನ್ನ ತಂದೆ ತೀರಿಕೊಂಡಾಗ ನನಗೆ ಹತ್ತು ವರ್ಷ. ಅದು 1984. ಅವರು ಹತ್ತು ಸಾವಿರ ರೂಪಾಯಿಗೆ ಜೀವವಿಮೆ ಇಳಿಸಿದ್ದರು. ಆ ಕಾಗದ ಲಕ್ಷ್ಮಿಯ ಪಟದ ಹಿಂದೆ ಇರುತ್ತಿತ್ತು. ಮೂರು ತಿಂಗಳಿಗೊಮ್ಮೆ ಕಂತು ಕಟ್ಟುವ ದಿನ ಅಮ್ಮ ಗೊಣಗುತ್ತಿದ್ದಳು. ಅಪ್ಪ ಹೋದ ಮೇಲೆ ಬಂದ ಆ ಹಣದಲ್ಲಿ ಅಮ್ಮ ಸಾಲ ತೀರಿಸಿದಳು, ಎರಡು ಎಮ್ಮೆ ಕೊಂಡಳು, ನಮ್ಮ ಶಾಲೆ ಬಿಡಿಸಲಿಲ್ಲ. ಅಂದಿನಿಂದ ಅಮ್ಮನ ಬಾಯಲ್ಲಿ ವಿಮೆಯ ಬಗ್ಗೆ ಒಂದು ಕೆಟ್ಟ ಮಾತು ಬಂದದ್ದಿಲ್ಲ. ಹಾಗಿರುವಾಗ ಅದೇ ಹೆಸರಿನ ವಸ್ತುವನ್ನು ಬೇಡ ಎಂದರೆ ಎಲ್ಲೋ ಒಂದು ಕಡೆ ಅಪ್ಪನಿಗೆ ಅವಿಧೇಯಳಾದ ಹಾಗೆ ನನಗೆ ಅನಿಸುತ್ತದೆ. ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ವಸ್ತುವೂ ಒಂದೇ ಆದೀತೆ? ಅದನ್ನು ತಿಳಿಯಬೇಕೆಂದೇ ಈ ವಿಮೆ ಎಂಬುದು ಎಲ್ಲಿಂದ ಬಂತು, ಯಾರಿಗಾಗಿ ಬಂತು ಎಂದು ಹುಡುಕಿ ಓದಲು ಕುಳಿತೆ.

ಬಲು ಹಿಂದಕ್ಕೆ ಹೋಗಬೇಕು. ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಕಲ್ಲಿನ ಮೇಲೆ ಕೆತ್ತಿಸಿದ ಕಟ್ಟಳೆಗಳು ಸುಮಾರು ಮೂರೂಮುಕ್ಕಾಲು ಸಾವಿರ ವರ್ಷ ಹಳೆಯವು. ಅದರಲ್ಲಿ ಒಂದು ಕಟ್ಟಳೆ ಹೀಗಿದೆ: ಸಾಲಗಾರನ ಹೊಲ ಬಿರುಗಾಳಿಗೋ ನೀರಿಲ್ಲದೆಯೋ ಹಾಳಾದರೆ, ಆ ವರ್ಷದ ಬಡ್ಡಿಯನ್ನು ಅವನು ಕೊಡಬೇಕಾಗಿಲ್ಲ. ಇದಕ್ಕೆ ಯಾರೂ ವಿಮೆ ಎಂಬ ಹೆಸರಿಡಲಿಲ್ಲ. ಆದರೆ ಒಬ್ಬನ ತಲೆಯ ಮೇಲೆ ಬಿದ್ದ ಕಲ್ಲನ್ನು ಇನ್ನೊಬ್ಬ ಸ್ವಲ್ಪ ಹೊರುವ ಏರ್ಪಾಡು ಇದು, ಅಲ್ಲವೇ? ಆಮೇಲೆ ಗ್ರೀಕರ ಕಾಲ. ಅಥೆನ್ಸಿನ ವರ್ತಕರು ಹಡಗನ್ನೋ ಸರಕನ್ನೋ ಆಧಾರ ಮಾಡಿ ಸಾಲ ಪಡೆಯುತ್ತಿದ್ದರು. ಹಡಗು ಸುಖವಾಗಿ ದಡ ಮುಟ್ಟಿದರೆ ಭಾರಿ ಬಡ್ಡಿಯ ಸಮೇತ ಸಾಲ ತೀರಿಸಬೇಕು. ಮುಳುಗಿದರೆ ಸಾಲವೂ ಮುಳುಗಿದಂತೆಯೇ. ಆ ಹೆಚ್ಚಿನ ಬಡ್ಡಿಯೇ ಇವತ್ತಿನ ಕಂತಿನ ಅಜ್ಜಿ ಎನ್ನಬೇಕು. ಸಾಲದಿಂದ ಬೇರೆಯಾಗಿ ವಿಮೆಗೆಂದೇ ಬರೆದ ಪತ್ರಗಳಲ್ಲಿ ಬಹಳ ಹಳೆಯದೆಂದು ಹೇಳುವುದು 1347ರಲ್ಲಿ ಇಟಲಿಯ ಜಿನೋವಾ ಬಂದರಿನಲ್ಲಿ ಆದದ್ದು. ಅದೂ ಹಡಗಿನದೇ.

ನೆಲದ ಮೇಲಿನ ವಿಮೆಗೆ ಬೆಂಕಿ ಕಾರಣವಾಯಿತು. 1666ರ ಸೆಪ್ಟೆಂಬರ್ 2ರಂದು, ಬೆಳಕು ಹರಿಯುವ ಮುನ್ನ, ಲಂಡನ್ನಿನ ಪುಡಿಂಗ್ ಲೇನ್ ಎಂಬ ಓಣಿಯ ಒಂದು ಬ್ರೆಡ್ ಅಂಗಡಿಯಲ್ಲಿ ಕಿಡಿ ಹತ್ತಿತು. ಮರದ ಮನೆಗಳ ಊರು, ಜೊತೆಗೆ ಗಾಳಿ. ನಾಲ್ಕು ದಿನಗಳಲ್ಲಿ ಸುಮಾರು 13,200 ಮನೆಗಳೂ 87 ಚರ್ಚುಗಳೂ ಬೂದಿಯಾದವು. ಹಿಂದಿನ ರಾತ್ರಿ ಮನೆಯೊಡೆಯರಾಗಿ ಮಲಗಿದವರು ಊರ ಹೊರಗಿನ ಬಯಲಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಕುಳಿತರು. ಆ ಸುಟ್ಟ ಊರನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಹಣ ಮಾಡಿದವರಲ್ಲಿ ನಿಕೋಲಸ್ ಬಾರ್ಬನ್ ಒಬ್ಬ. ಓದಿದ್ದು ವೈದ್ಯ, ಹಿಡಿದದ್ದು ಮನೆ ಕಟ್ಟಿ ಮಾರುವ ವ್ಯಾಪಾರ. 1680ರ ಸುಮಾರಿಗೆ ಅವನು ಮನೆಗಳಿಗೆ ಬೆಂಕಿ ವಿಮೆಯ ಕಚೇರಿ ತೆರೆದ. ಇಟ್ಟಿಗೆಯ ಮನೆಗೆ ಒಂದು ದರವಾದರೆ ಮರದ ಮನೆಗೆ ಅದರ ಎರಡರಷ್ಟು. ಅಪಾಯ ಹೆಚ್ಚಿದ್ದಲ್ಲಿ ಕಂತೂ ಹೆಚ್ಚು. ಈ ನಿಯಮ ಇಂದಿಗೂ ಹಾಗೆಯೇ ಇದೆ. ಅದೇ ಕಾಲದಲ್ಲಿ, 1688ರ ಸುಮಾರಿಗೆ, ಥೇಮ್ಸ್ ನದಿಯ ಹತ್ತಿರ ಎಡ್ವರ್ಡ್ ಲಾಯ್ಡ್ ಎಂಬುವನ ಕಾಫಿ ಅಂಗಡಿಯಿತ್ತು. ನಾವಿಕರು, ವರ್ತಕರು ಅಲ್ಲಿ ಕಾಫಿ ಕುಡಿಯುತ್ತ ಹಡಗಿನ ಸುದ್ದಿ ಮಾತಾಡುತ್ತಿದ್ದರು. ಹಣವಂತರು ಒಂದು ಕಾಗದದ ಕೆಳಗೆ, ಈ ಹಡಗು ಮುಳುಗಿದರೆ ಇಷ್ಟು ನನ್ನ ಪಾಲು ಎಂದು ಹೆಸರು ಬರೆಯುತ್ತಿದ್ದರು. ಆ ಕಾಫಿ ಅಂಗಡಿಯ ಹೆಸರೇ ಇಂದು ಜಗತ್ತಿನ ದೊಡ್ಡ ವಿಮಾ ಮಾರುಕಟ್ಟೆಯ ಹೆಸರು.

ಹೆಂಗಸರಾದ ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾಗುವ ಕಥೆ ಸ್ಕಾಟ್ಲೆಂಡಿನದು. ಅಲ್ಲಿನ ಚರ್ಚಿನ ಪಾದ್ರಿಗಳು ಸಂಸಾರಸ್ಥರು, ಆದರೆ ಬಡವರು. ಪಾದ್ರಿ ಸತ್ತರೆ ಹೆಂಡತಿ ಮಕ್ಕಳು ಚರ್ಚಿನ ಮನೆ ಬಿಟ್ಟು ಬೀದಿಗೆ ಬರಬೇಕು. ರಾಬರ್ಟ್ ವಾಲೇಸ್ ಮತ್ತು ಅಲೆಕ್ಸಾಂಡರ್ ವೆಬ್‌ಸ್ಟರ್ ಎಂಬ ಇಬ್ಬರು ಪಾದ್ರಿಗಳು ಕುಳಿತು, ವರ್ಷಕ್ಕೆ ಎಷ್ಟು ಮಂದಿ ಪಾದ್ರಿಗಳು ಸಾಯುತ್ತಾರೆ, ಎಷ್ಟು ವಿಧವೆಯರು ಉಳಿಯುತ್ತಾರೆ, ಅವರು ಎಷ್ಟು ಕಾಲ ಬದುಕುತ್ತಾರೆ ಎಂದು ಲೆಕ್ಕ ಹಾಕಿದರು. ಕಾಲಿನ್ ಮೆಕ್ಲಾರಿನ್ ಎಂಬ ಗಣಿತದ ಪ್ರಾಧ್ಯಾಪಕರು ಆ ಲೆಕ್ಕವನ್ನು ತಿದ್ದಿಕೊಟ್ಟರು. 1740ರ ದಶಕದಲ್ಲಿ ವಿಧವೆಯರ ನಿಧಿ ಹುಟ್ಟಿತು. ಇಪ್ಪತ್ತು ವರ್ಷಗಳಾದ ಮೇಲೆ ನಿಧಿಯಲ್ಲಿದ್ದ ಹಣಕ್ಕೂ ಅವರ ಮೊದಲಿನ ಅಂದಾಜಿಗೂ ಹೆಚ್ಚು ಅಂತರವೇ ಇರಲಿಲ್ಲವಂತೆ. ಸಾವನ್ನು ಯಾರೂ ತಪ್ಪಿಸಲಿಲ್ಲ. ಸಾವಿನ ಹಿಂದೆ ಬರುವ ಹಸಿವನ್ನು ತಪ್ಪಿಸಿದರು. ನನ್ನ ಅಮ್ಮನ ಎರಡು ಎಮ್ಮೆಗಳ ಮೂಲ ಅಲ್ಲಿದೆ ಎಂದು ನನಗೆ ಅದನ್ನು ಓದಿದಾಗ ಅನ್ನಿಸಿತು.

ನಮ್ಮ ದೇಶಕ್ಕೆ ಜೀವವಿಮೆಯ ಕಂಪನಿ ಬಂದದ್ದು 1818ರಲ್ಲಿ, ಕಲ್ಕತ್ತೆಯ ಓರಿಯೆಂಟಲ್ ಲೈಫ್ ಇನ್ಶೂರೆನ್ಸ್ ಕಂಪನಿಯ ಮೂಲಕ. ಅದು ಇಲ್ಲಿದ್ದ ಯುರೋಪಿನವರ ಸಂಸಾರಗಳಿಗಾಗಿ ಹುಟ್ಟಿದ್ದು. ಆ ಕಾಲದಲ್ಲಿ ಭಾರತೀಯರ ಜೀವಕ್ಕೆ ವಿಮೆ ಕೊಟ್ಟರೂ ಹೆಚ್ಚಿನ ಕಂತು ಕೇಳುತ್ತಿದ್ದರು. 1870ರ ಸುಮಾರಿಗೆ ಹುಟ್ಟಿದ ಬಾಂಬೆ ಮ್ಯೂಚುಯಲ್ ಆ ಭೇದವನ್ನು ಬಿಟ್ಟಿತು. ನಮ್ಮ ಮೈಸೂರು ಸಂಸ್ಥಾನ ಇದರಲ್ಲಿಯೂ ಹಿಂದೆ ಬೀಳಲಿಲ್ಲ: ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ, ಸರ್ಕಾರಿ ನೌಕರರಿಗೆ ವಿಮೆಯ ಇಲಾಖೆಯನ್ನೇ ತೆರೆದರು. ಈಗಲೂ ಕರ್ನಾಟಕ ಸರ್ಕಾರದ ನೌಕರರ ಸಂಬಳದಲ್ಲಿ ಆ ಇಲಾಖೆಯ ಕಂತು ಹಿಡಿಯುವುದನ್ನು ನೌಕರಿಯಲ್ಲಿರುವ ಸೋದರಿಯರೆಲ್ಲ ಬಲ್ಲರು. ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ 245 ವಿಮಾ ಕಂಪನಿಗಳನ್ನೂ ಸೊಸೈಟಿಗಳನ್ನೂ ಸೇರಿಸಿ ಜೀವವಿಮಾ ನಿಗಮ ಮಾಡಿದರು. ಬೆಂಕಿ, ವಾಹನ ಮುಂತಾದ ಸಾಮಾನ್ಯ ವಿಮೆಯ 107 ಕಂಪನಿಗಳು 1973ರಲ್ಲಿ ಸರ್ಕಾರದ ನಾಲ್ಕು ಕಂಪನಿಗಳಾದವು. 1999ರ ಕಾಯಿದೆಯ ಮೇಲೆ ಮತ್ತೆ ಖಾಸಗಿಯವರಿಗೆ ಬಾಗಿಲು ತೆರೆಯಿತು.

ಇಷ್ಟನ್ನೂ ಓದಿದ ಮೇಲೆ ನನಗೆ ಒಂದು ವಿಷಯ ಎದ್ದು ಕಂಡಿತು. ಹೊಲ, ಹಡಗು, ಮನೆ, ಮನೆಯ ಯಜಮಾನನ ಜೀವ: ವಿಮೆ ಬಂದದ್ದು ಇವುಗಳ ಬೆನ್ನು ಹಿಡಿದು. ಹೋದರೆ ಮತ್ತೆ ಎದ್ದು ನಿಲ್ಲಲಾಗದಂಥ ನಷ್ಟಗಳು ಇವು. ಗಡಿಗೆ ಒಡೆದದ್ದಕ್ಕೆ, ಚಪ್ಪಲಿ ಕಳೆದದ್ದಕ್ಕೆ ಯಾರೂ ವಿಮೆ ಮಾಡಲಿಲ್ಲ. ನಮ್ಮ ಹಳ್ಳಿಗಳ ಮುಯ್ಯಿಯೂ ಹೀಗೆಯೇ ಇತ್ತು. ಮದುವೆಯಲ್ಲಿ ಓದಿಸಿದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಅವರ ಮನೆಯ ಮದುವೆಗೆ ತೀರಿಸುತ್ತಿದ್ದರು; ಗುಡಿಸಲು ಸುಟ್ಟರೆ ಊರೇ ಸೇರಿ ಹುಲ್ಲು ಹೊದಿಸುತ್ತಿತ್ತು. ಮಡಕೆ ಒಡೆದರೆ ಮಾತ್ರ ಅವರವರೇ ಕುಂಬಾರನ ಹತ್ತಿರ ಹೋಗಬೇಕು.

ಹಾಗಾದರೆ ಮೊಬೈಲು ಹಡಗೋ, ಮಡಕೆಯೋ? ಹುಟ್ಟಿದಾಗ ಅದು ಹಡಗೇ ಆಗಿತ್ತು. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮಾರ್ಟಿನ್ ಕೂಪರ್ ಎಂಬ ಎಂಜಿನಿಯರು ಕೈಯಲ್ಲಿ ಹಿಡಿಯುವ ಸೆಲ್ ಫೋನಿನಲ್ಲಿ ಮೊದಲು ಮಾತಾಡಿದ. ಅದು ಅಂಗಡಿಗೆ ಬರುವ ಹೊತ್ತಿಗೆ 1983 ಕಳೆದಿತ್ತು. ಬೆಲೆ 3,995 ಡಾಲರು, ತೂಕ ಮುಕ್ಕಾಲು ಕಿಲೋಗೂ ಮೇಲು. ನಮ್ಮಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತಾಡಿದರು. ಆಗ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು, ಬಂದ ಕರೆಗೂ ಹಣ ಕೊಡಬೇಕಿತ್ತು. ಒಳಬರುವ ಕರೆ ಪುಕ್ಕಟೆಯಾದದ್ದು 2003ರಲ್ಲಿ. ಅಲ್ಲಿಂದ ಮುಂದೆ ಫೋನು ಸಾಹುಕಾರರ ಸೊಂಟದಿಂದ ಇಳಿದು ನಮ್ಮ ಸೆರಗಿನ ಗಂಟಿಗೆ ಬಂತು.

ಈಗ ಅಂಗಡಿಯ ಹುಡುಗನ ಲೆಕ್ಕಕ್ಕೆ ಬರೋಣ. 1776ರಲ್ಲಿ ಆಡಂ ಸ್ಮಿತ್ ಎಂಬ ಅರ್ಥಶಾಸ್ತ್ರಜ್ಞ ತನ್ನ 'ವೆಲ್ತ್ ಆಫ್ ನೇಷನ್ಸ್' ಪುಸ್ತಕದಲ್ಲಿ ವಿಮೆಯ ಗುಟ್ಟನ್ನು ಸರಳವಾಗಿ ವಿವರಿಸಿದ್ದಾನೆ. ಕಂತಿನ ಹಣ ಮೂರು ಕೆಲಸಕ್ಕೆ ಸಾಕಾಗಬೇಕು: ನಷ್ಟ ಆದವರಿಗೆ ಕೊಡಲು, ಕಚೇರಿ ನಡೆಸಲು, ಮೇಲೆ ಲಾಭಕ್ಕೆ. ಅಂದರೆ ಎಲ್ಲರನ್ನೂ ಸೇರಿಸಿ ನೋಡಿದಾಗ, ಕಟ್ಟಿದ ಹಣಕ್ಕಿಂತ ಹಿಂತಿರುಗಿ ಬರುವುದು ಕಡಿಮೆಯೇ ಇರಬೇಕು. ಇದರಲ್ಲಿ ಮೋಸವೇನೂ ಇಲ್ಲ. ಅದು ನೆಮ್ಮದಿಯ ಬೆಲೆ. ನಮ್ಮ ಲೆಕ್ಕದಲ್ಲಿ, ನೂರು ಮಂದಿ ತಲಾ 1,200 ಕಟ್ಟಿದರೆ 1,20,000 ರೂಪಾಯಿ. ತೆರಿಗೆ ಅದರಲ್ಲೇ ಸೇರಿದೆ ಎಂದುಕೊಂಡರೆ, ಶೇಕಡ 18ರ ಜಿಎಸ್‌ಟಿಗೆ 18,300 ರೂಪಾಯಿ ಹೋಯಿತು. ಜೀವವಿಮೆ, ಆರೋಗ್ಯ ವಿಮೆಗಳ ವೈಯಕ್ತಿಕ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಈ ತೆರಿಗೆಯನ್ನು ಬಿಟ್ಟಿದ್ದಾರೆ. ಫೋನಿನ ವಿಮೆಗೆ ಬಿಟ್ಟಿಲ್ಲ. ಉಳಿದದ್ದರಲ್ಲಿ ಅಂಗಡಿಯ ಕಮಿಷನ್ನು, ಕಚೇರಿಯ ಖರ್ಚು, ಲಾಭ. ಆಮೇಲೆ ಒಡೆದ ಫೋನುಗಳ ಸರದಿ. ಇನ್ನೊಂದು ರೀತಿಯಲ್ಲಿ ನೋಡಿ: ವರ್ಷಕ್ಕೆ 1,200ರಂತೆ ಹದಿಮೂರು ವರ್ಷ ಕಟ್ಟಿದರೆ ಹೆಚ್ಚುಕಡಿಮೆ ಫೋನಿನ ಪೂರ್ತಿ ಬೆಲೆಯನ್ನೇ ಕಟ್ಟಿದಂತೆ. ಹದಿಮೂರು ವರ್ಷ ಬಾಳುವ ಫೋನು ಯಾರ ಮನೆಯಲ್ಲಿದೆ? ಫೋನಿನ ಬೆಲೆಯೋ ವರ್ಷವರ್ಷಕ್ಕೂ ಇಳಿಯುತ್ತದೆ. ಕೈಗೆ ಬರುವ ಪರಿಹಾರವೂ ಎಷ್ಟೋ ಪಾಲಿಸಿಗಳಲ್ಲಿ ಅದರ ಜೊತೆಗೇ ಇಳಿಯುತ್ತದೆ.

ಸ್ಮಿತ್ ಇನ್ನೊಂದು ಮಾತನ್ನೂ ಹೇಳಿದ್ದಾನೆ. ಇಪ್ಪತ್ತು ಮೂವತ್ತು ಹಡಗುಗಳ ದೊಡ್ಡ ವರ್ತಕನಿಗೆ ಹೊರಗಿನ ವಿಮೆಯ ಅಗತ್ಯ ಅಷ್ಟಾಗಿ ಇಲ್ಲ. ಅವನ ಹಡಗುಗಳೇ ಒಂದಕ್ಕೊಂದು ವಿಮೆಯಾಗುತ್ತವೆ. ಇದನ್ನು ಓದಿದಾಗ ನಾನು ಅಡಿಗೆಮನೆಯ ಕಡೆ ತಿರುಗಿ ನೋಡಿದೆ. ಮಿಕ್ಸಿ, ಫ್ರಿಜ್ಜು, ಗ್ರೈಂಡರು, ಗೀಸರು, ಟಿ.ವಿ., ಮೂರು ಫ್ಯಾನು, ಮೂರು ಫೋನು. ಅಯ್ಯೋ, ನಾನೂ ಹತ್ತಾರು ಹಡಗಿನ ವರ್ತಕಳೇ! ಎಲ್ಲವೂ ಒಂದೇ ವರ್ಷ ಮುಳುಗುವುದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ವಿಮೆ ಮಾಡಿಸುವ ಬದಲು, ಆ ಹಣವನ್ನು ಒಂದೇ ಡಬ್ಬಿಯಲ್ಲಿ ಹಾಕುತ್ತ ಹೋದರೆ ಯಾವುದು ಕೆಟ್ಟರೂ ಅದರಿಂದ ರಿಪೇರಿ ಆಗುತ್ತದೆ. ನಮ್ಮಜ್ಜಿಯ ಸಾಸಿವೆ ಡಬ್ಬಿಯೂ ಇದೇ ಅಲ್ಲವೇ?

ಆದರೆ ಈ ಬುದ್ಧಿವಂತಿಕೆಯ ಅಮಲಿನಲ್ಲಿ ನಾನು ತಪ್ಪು ಮಾಡುವುದರಲ್ಲಿದ್ದೆ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬಾಕೆ ಹೊಲಿಗೆ ಮಾಡುತ್ತಾಳೆ. ಗಂಡ ಬಿಟ್ಟು ಹೋದವಳು, ಇಬ್ಬರು ಮಕ್ಕಳು. ಅದೇ ವಾರ ಅವಳು ಕಂತಿನ ಮೇಲೆ ಹೊಸ ಫೋನು ತಂದು, "ಅಕ್ಕಾ, ಇನ್ಶೂರೆನ್ಸ್ ಮಾಡಿಸಲಾ?" ಎಂದು ಕೇಳಿದಳು. "ಬೇಡ, ದಂಡ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಫೋನಿಗೆ ಒಂದು ರವಿಕೆಯ ಕೈಯ ಚಿತ್ರ ಬಂತು; ಹಿಂದೆಯೇ ಯಾರೋ 350 ರೂಪಾಯಿ ಕಳಿಸಿದ ಸದ್ದು. ಗಿರಾಕಿಗಳ ಅಳತೆ, ವಿನ್ಯಾಸ, ಬರಬೇಕಾದ ಬಾಕಿ ಎಲ್ಲಾ ಅದರೊಳಗೆ. ಅದು ಹೋದರೆ ಮತ್ತೊಂದು ಕೊಳ್ಳಲು ಅವಳಲ್ಲಿ ಹಣವಿಲ್ಲ. ಇಲ್ಲದ ಫೋನಿನ ಕಂತನ್ನು ಮಾತ್ರ ಕಟ್ಟುತ್ತಲೇ ಇರಬೇಕು. ಒಂದೇ ಹಡಗಿನ ಒಡತಿ ಅವಳು. ನನಗೆ ಮಡಕೆಯಾದದ್ದು ಅವಳಿಗೆ ಹಡಗು. ವಸ್ತು ಒಂದೇ, ಬೆಲೆಯೂ ಸುಮಾರು ಒಂದೇ; ಆದರೆ ನಷ್ಟ ಒಂದೇ ಅಲ್ಲ. ಫೋನಿಗೆ ವಿಮೆ ಬೇಕೆ ಎಂದು ಕೇಳುವವರು ಫೋನಿನ ಬೆಲೆಯನ್ನು ನೋಡುತ್ತೇವೆ. ನೋಡಬೇಕಾದದ್ದು ಅದು ಹೋದ ಮರುದಿನ ನಮ್ಮ ಮನೆ ಹೇಗಿರುತ್ತದೆ ಎಂಬುದನ್ನು.

"ಮಾಡಿಸು, ಆದರೆ ಕಾಗದ ಓದಿ ಮಾಡಿಸು" ಎಂದೆ. ಇಬ್ಬರೂ ಕುಳಿತು ಓದಿದೆವು. ಓದುವುದು ಏಕೆ ಮುಖ್ಯ ಎಂದರೆ ನನ್ನ ತಂಗಿಗೆ ಆದ ಅನುಭವ. ಬಸ್ಸಿನಲ್ಲಿ ಅವಳ ಚೀಲದ ಜಿಪ್ಪು ತೆಗೆದು ಯಾರೋ ಫೋನು ಎಗರಿಸಿದ್ದರು. ವಿಮೆ ಇತ್ತು. ಕಳ್ಳತನದಲ್ಲಿ ಬಲಪ್ರಯೋಗ ಆಗಿಲ್ಲ, ಹಾಗಾಗಿ ಪರಿಹಾರವಿಲ್ಲ ಎಂದು ಉತ್ತರ ಬಂತು. ಹುಡುಕಿ ನೋಡಿದರೆ ಸಣ್ಣ ಅಕ್ಷರದಲ್ಲಿ ಅದು ಬರೆದೇ ಇತ್ತು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಇವು: ಕಳ್ಳತನ ಸೇರಿದೆಯೇ, ಸೇರಿದ್ದರೆ ಎಂಥ ಕಳ್ಳತನ? ನೀರು ಬಿದ್ದರೆ ಕೊಡುತ್ತಾರೆಯೇ? ಪ್ರತಿ ಸಲ ನಾವು ಕೈಯಿಂದ ಹಾಕಬೇಕಾದ ಪಾಲು ಎಷ್ಟು? ಆರು ತಿಂಗಳು ಕಳೆದ ಮೇಲೆ ಫೋನಿನ ಬೆಲೆಯನ್ನು ಎಷ್ಟೆಂದು ಹಿಡಿಯುತ್ತಾರೆ? ಎಷ್ಟು ಗಂಟೆಯೊಳಗೆ ತಿಳಿಸಬೇಕು? ಇದು ವಿಮಾ ಕಂಪನಿಯ ಪಾಲಿಸಿಯೋ, ಅಂಗಡಿಯವರದೇ ರಿಪೇರಿ ಕರಾರೋ? ಪಾಲಿಸಿಯಾದರೆ, ತಕರಾರು ಬಂದಾಗ ಮೊದಲು ಕಂಪನಿಗೆ ಬರೆದು, ನ್ಯಾಯ ಸಿಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ. ವಕೀಲರು ಬೇಡ, ಶುಲ್ಕವೂ ಇಲ್ಲ.

ಮಾರುವವನ ಮಾತನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ವಿಮೆ ಬೆಳೆದ ಲಂಡನ್ನಿನಿಂದಲೇ ಸಾಕ್ಷಿಯಿದೆ. ಅಲ್ಲಿನ ಕಾರ್‌ಫೋನ್ ವೇರ್‌ಹೌಸ್ ಎಂಬ ದೊಡ್ಡ ಅಂಗಡಿ ಸಮೂಹಕ್ಕೆ 2019ರ ಮಾರ್ಚಿನಲ್ಲಿ ಸರ್ಕಾರದ ನಿಯಂತ್ರಣ ಸಂಸ್ಥೆ 2.9 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿತು. 2008ರಿಂದ 2015ರವರೆಗೆ ಫೋನಿನ ವಿಮೆಯನ್ನು ತಪ್ಪು ರೀತಿಯಲ್ಲಿ ಮಾರಿದ್ದೇ ಕಾರಣ. ಗಿರಾಕಿಗೆ ಅದರ ಅಗತ್ಯ ಇದೆಯೇ, ಬೇರೆ ಕಡೆ ಈಗಾಗಲೇ ವಿಮೆಯಿದೆಯೇ ಎಂದು ವಿಚಾರಿಸುವುದನ್ನು ಮಾರಾಟದ ಹುಡುಗರಿಗೆ ಸರಿಯಾಗಿ ಕಲಿಸಿರಲಿಲ್ಲ; ಬೇಡವೆಂದವರನ್ನು ಒಪ್ಪಿಸುವುದನ್ನು ಕಲಿಸಿದ್ದರು. ಹಡಗು ಮುಳುಗಿ ಬೀದಿಗೆ ಬಿದ್ದವರಿಗಾಗಿ ಹುಟ್ಟಿದ ಏರ್ಪಾಡು ಗಲ್ಲದ ಪಕ್ಕದ ವ್ಯಾಪಾರವಾದದ್ದು ಹೀಗೆ.

ಇನ್ನು ವಿಮೆ ಮಾಡಿಸಿದರೂ ಬಿಟ್ಟರೂ ಒಂದು ಕೆಲಸವನ್ನು ಎಲ್ಲರೂ ಮಾಡಬಹುದು. ಫೋನಿನಲ್ಲಿ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಹದಿನೈದು ಅಂಕಿಯ ಒಂದು ಸಂಖ್ಯೆ ಬರುತ್ತದೆ. ಅದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಫೋನು ಕಳೆದರೆ ಪೊಲೀಸರಿಗೆ ದೂರು ಕೊಟ್ಟು, ಆ ಸಂಖ್ಯೆಯ ಆಧಾರದಿಂದ ಸಂಚಾರ ಸಾಥಿ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಫೋನನ್ನು ಯಾರಿಗೂ ಉಪಯೋಗಕ್ಕೆ ಬಾರದಂತೆ ಮಾಡಿಸಬಹುದು. 2023ರ ಮೇ ತಿಂಗಳಿಂದ ಇದು ದೇಶಕ್ಕೆಲ್ಲ ಇದೆ, ದುಡ್ಡು ಕೊಡಬೇಕಾಗಿಲ್ಲ.

ಮಗಳ ಫೋನಿಗೆ ನಾನು ವಿಮೆ ಮಾಡಿಸಲಿಲ್ಲ. ತಿಂಗಳಿಗೆ 300 ರೂಪಾಯಿ ಡಬ್ಬಿಗೆ ಹಾಕಲು ಶುರು ಮಾಡಿದೆ. ಎಂಟನೆಯ ತಿಂಗಳಲ್ಲಿ ಅವಳು ಮೆಟ್ಟಿಲ ಮೇಲೆ ಫೋನನ್ನು ಬೀಳಿಸಿ ಗಾಜು ಒಡೆದುಕೊಂಡು ಬಂದಳು. ರಿಪೇರಿಗೆ 2,600. ಮಧ್ಯೆ ಮಿಕ್ಸಿ ಜಾರಿಗೆಂದು 450 ತೆಗೆದಿದ್ದರಿಂದ ಡಬ್ಬಿಯಲ್ಲಿ ಇದ್ದದ್ದು 1,950. ಉಳಿದ 650ನ್ನು ದಿನಸಿಯ ಹಣದಿಂದ ಸೇರಿಸಿದೆ. "ನೋಡಮ್ಮ, 1,200 ಕಟ್ಟಿದ್ದರೆ ಉಳಿಯುತ್ತಿತ್ತು" ಎಂದು ಮಗಳು ಅಂದಳು. ಆ ವರ್ಷದ ಮಟ್ಟಿಗೆ ಅವಳು ಹೇಳಿದ್ದು ನಿಜ, ನಾನು ಸೋತಿದ್ದೆ. ಆದರೆ ನಮ್ಮ ಊಟ ನಿಲ್ಲಲಿಲ್ಲ, ಸಾಲ ಮಾಡಲಿಲ್ಲ. ಹೆಚ್ಚೆಂದರೆ ಆ ತಿಂಗಳು ತುಪ್ಪ ಸ್ವಲ್ಪ ಕಡಿಮೆಯಾಯಿತು.

ಹೊಲಿಗೆಯಾಕೆಯ ಫೋನಿಗೆ ವರ್ಷಪೂರ್ತಿ ಏನೂ ಆಗಲಿಲ್ಲ. ಪಾಲಿಸಿ ಮುಗಿದ ದಿನ ಬಂದು, "ಅಷ್ಟೂ ದುಡ್ಡು ದಂಡವಾಯಿತಲ್ಲಾ ಅಕ್ಕಾ" ಎಂದು ಪೇಚಾಡಿದಳು. ಮೂರು ತಿಂಗಳಿಗೊಮ್ಮೆ ಕಂತು ಕಟ್ಟುವ ದಿನ ನನ್ನ ಅಮ್ಮ ಗೊಣಗುತ್ತಿದ್ದದ್ದು ನೆನಪಾಯಿತು. ಆ ಹಣ ದಂಡವಾಗಿಯೇ ಹೋಗಿದ್ದರೆ ನಮಗೆ ಎಷ್ಟು ಚೆನ್ನಾಗಿತ್ತು! ಅದನ್ನು ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂತೆಲ್ಲಾ ತೀರಿತಕ್ಕಾ. ಈ ವರ್ಷದಿಂದ ನಾನೂ ಒಂದು ಡಬ್ಬಿ ಇಡಲಾ?" ಎಂದು ಕೇಳಿದಳು. ಒಳಗೆ ಹೋಗಿ, ಮುಚ್ಚಳ ಬಿಗಿಯಾಗಿರುವ ಒಂದು ಹಳೆಯ ಡಬ್ಬಿಯನ್ನು ತೊಳೆದು ಒರೆಸಿ ತಂದುಕೊಟ್ಟೆ.